ಬೇಸಿಗೆ ಕೆಲಸಕ್ಕೆ ಮಡಿಕೇರಿಗೆ ಬಂದರೆ: ವಾರ ಕಳೆಯೋದು ಹೇಗೆ, ಭಾನುವಾರ ಹೋಗೋದು ಎಲ್ಲಿಗೆ

ನಮ್ಮದು ಬಳ್ಳಾರಿ. ಆಡಿಟ್ ಕೆಲಸದ ಮೇಲೆ ಏಪ್ರಿಲ್-ಮೇ ಎರಡೂ ತಿಂಗಳು ಮಡಿಕೇರಿಯಲ್ಲಿದ್ದೆ. ಈಗ ನಮ್ಮ ಆಫೀಸಿನಿಂದ ಯಾರೇ ಅಲ್ಲಿಗೆ ಹೊರಟರೂ ನನ್ನನ್ನೇ ಕೇಳುತ್ತಾರೆ. ಎಲ್ಲರಿಗೂ ಮೊದಲು ಹೇಳೋದು ಒಂದೇ ಮಾತು: ಪ್ರವಾಸಿಗರು ಮಾಡುವುದಕ್ಕೆ ಉಲ್ಟಾ ಮಾಡಿ. ಮಡಿಕೇರಿ ನೋಡೋದು ವಾರದ ದಿನಗಳಲ್ಲಿ ಇಟ್ಟುಕೊಳ್ಳಿ. ಶನಿವಾರ ಬೆಂಗಳೂರಿನ ಕಾರುಗಳು ಘಾಟಿ ಹತ್ತೋ ಹೊತ್ತಿಗೆ ನೀವು ಬಸ್ ಹತ್ತಿ ಬೇರೆ ಕಡೆ ಹೋಗಿಬಿಡಿ.

ರೂಮು ಹುಡುಕುವಾಗ ಬಾಡಿಗೆಗಿಂತ ಮೊದಲು ಮೆಟ್ಟಿಲು ಕೇಳಿ. ಊರೆಲ್ಲ ಇಳಿಜಾರು. "ರಸ್ತೆ ಪಕ್ಕದಲ್ಲೇ" ಅಂತಾರೆ, ನೋಡಿದರೆ ಮನೆ ರಸ್ತೆಗಿಂತ ಎರಡು ಮಹಡಿ ಕೆಳಗೆ ಇರುತ್ತೆ. ದಿನಾ ಲ್ಯಾಪ್‌ಟಾಪ್ ಬ್ಯಾಗು, ತರಕಾರಿ ಚೀಲ ಹೊತ್ತು ಹತ್ತಿ ಇಳಿಯುವವರು ನೀವು. ಫ್ಯಾನ್ ಇದೆಯಾ ಅಂತ ಕೇಳಬೇಡಿ, ಕಂಬಳಿ ಇದೆಯಾ ಅಂತ ಕೇಳಿ. ಹಗಲು ಬಿಸಿಲಿದ್ದರೂ ರಾತ್ರಿ ಬೇಕಾಗುತ್ತೆ. ಬಟ್ಟೆ ಬೆಳಗ್ಗೆಯೇ ಒಗೆದು ಹಾಕಿ, ಮೂರು ಗಂಟೆಯೊಳಗೆ ತೆಗೆದುಬಿಡಿ. ಏಪ್ರಿಲ್‌ನಲ್ಲಿ ಮಧ್ಯಾಹ್ನದವರೆಗೂ ಬಿಸಿಲು ಚುರುಗುಟ್ಟಿ, ಸಂಜೆಗೆ ಗುಡುಗು ಮಳೆ ಬರೋದು ಮಾಮೂಲು. ಗುಡುಗಿದ ಕೂಡಲೇ ಕರೆಂಟು ಹೋಗುತ್ತೆ. ಫೋನ್ ಚಾರ್ಜಿಂಗೂ ಬೆಳಗ್ಗೆಯೇ ಮುಗಿಸಿ.

ಇಲ್ಲಿಗೆ ರೈಲಿಲ್ಲ. ಓಡಾಟವೆಲ್ಲ ಬಸ್ಸಲ್ಲೇ. ಮೈಸೂರು, ಕುಶಾಲನಗರ, ವಿರಾಜಪೇಟೆ ಕಡೆಗೆ ಸರ್ಕಾರಿ ಬಸ್ ಸಿಗುತ್ತೆ. ಒಳಗಿನ ಊರುಗಳಿಗೆ ಹೆಚ್ಚಾಗಿ ಖಾಸಗಿ ಬಸ್ಸೇ ಗತಿ. ಇಳಿಯುವಾಗಲೇ ಕಂಡಕ್ಟರನ್ನು ಕೇಳಿ: "ಅಣ್ಣಾ, ವಾಪಸ್ ಕೊನೇ ಬಸ್ ಎಷ್ಟೊತ್ತಿಗೆ? ಭಾನುವಾರವೂ ಇರುತ್ತಾ?" ಎರಡನೇ ಪ್ರಶ್ನೆ ಮರೀಬೇಡಿ.

ಶುಕ್ರವಾರ ಮಡಿಕೇರಿ ಸಂತೆ. ಕೆಲಸ ಬಿಟ್ಟು ನೇರ ಅಲ್ಲಿಗೇ ಹೋಗಿ. ಕತ್ತಲಾಗುತ್ತಾ ಬಂದ ಹಾಗೆ ರೇಟು ಇಳಿಯುತ್ತೆ, ಆದರೆ ಒಳ್ಳೇ ಸೊಪ್ಪು ಅಷ್ಟರಲ್ಲಿ ಖಾಲಿ. ಬೇಸಿಗೆಯಲ್ಲಿ ಹುಡುಕಬೇಕಾದದ್ದು ಕಾಡುಮಾವು. ಗಾತ್ರ ನಿಂಬೆಹಣ್ಣಿನಷ್ಟು, ಒಳಗೆ ಬರೀ ಓಟೆ ಮತ್ತು ನಾರು. ಹಾಗೇ ತಿಂದರೆ ಹುಳಿಗೆ ಹಲ್ಲು ಚುಳ್ ಅನ್ನುತ್ತೆ. ನಮ್ಮ ಮನೆ ಓನರ್ ಆಂಟಿ ಸಿಪ್ಪೆ ಬಿಡಿಸಿ, ಹಣ್ಣು ಇಡಿಯಾಗಿಯೇ ಬೆಲ್ಲ, ಮೆಣಸಿನಪುಡಿ ಹಾಕಿ ಬೇಯಿಸಿ ಸಾಸಿವೆ ಒಗ್ಗರಣೆ ಕೊಡುತ್ತಿದ್ದರು. ಅದೇ ಕಾಡ್ ಮಾಂಗೆ ಕರಿ. ಅನ್ನಕ್ಕೆ ರಸ ಕಲಸಿ, ಹಣ್ಣನ್ನು ಬೆರಳಲ್ಲಿ ಹಿಂಡಿ, ಆಮೇಲೆ ಓಟೆ ಚೀಪಬೇಕು. ಚಮಚ ಹಿಡಿದು ಕೂತರೆ ಏನೂ ಸಿಗಲ್ಲ. ಮನೆಗೆ ಒಯ್ಯಲು ಕಾಚಂಪುಳಿಯ ಸಣ್ಣ ಬಾಟಲಿ ಸಾಕು. ಪಂಪುಳಿ ಹಣ್ಣಿನ ರಸವನ್ನು ಕಪ್ಪಗೆ, ಗಟ್ಟಿಯಾಗೋವರೆಗೆ ಕಾಯಿಸಿದ್ದು ಅದು. ಒಂದು ಪಾತ್ರೆ ಸಾರಿಗೆ ಅರ್ಧ ಚಮಚದ ಮೇಲೆ ಹಾಕಬೇಡಿ. ಹೋಂಮೇಡ್ ಚಾಕೊಲೇಟ್ ಬೋರ್ಡುಗಳನ್ನು ದಾಟಿ ಮುಂದೆ ಹೋಗಿ, ಆ ದುಡ್ಡಿಗೆ ಕಾಫಿಪುಡಿ ತಗೊಳ್ಳಿ. ಅಂಗಡಿಯವರು ಚಿಕೋರಿ ಎಷ್ಟು ಹಾಕಬೇಕು ಅಂತ ಕೇಳ್ತಾರೆ. ಮನೆಯಲ್ಲಿ ಅಭ್ಯಾಸ ಏನು ಅಂತ ಮೊದಲೇ ಫೋನ್ ಮಾಡಿ ತಿಳ್ಕೊಂಡಿರಿ, ಅಲ್ಲಿ ನಿಂತು ಯೋಚಿಸಿದರೆ ಹಿಂದಿನವರು ಗೊಣಗುತ್ತಾರೆ.

ಬೆಟ್ಟದಂಚಿನ ಉದ್ಯಾನ ರಾಜಾಸೀಟಿಗೆ ಮಂಗಳವಾರವೋ ಬುಧವಾರವೋ ಸಂಜೆ ಹೋಗಿ. ಬೆಂಚು ಸಿಗುತ್ತೆ. ಓಂಕಾರೇಶ್ವರ ದೇವಸ್ಥಾನಕ್ಕೆ ಬೆಳಗ್ಗೆ, ಆಫೀಸಿಗೆ ಮುಂಚೆ. ಕೊಡಗಿನ ರಾಜ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ದೇವಸ್ಥಾನ ಹೀಗೂ ಇರುತ್ತಾ ಅನ್ನಿಸುತ್ತೆ. ಅಬ್ಬಿ ಜಲಪಾತವನ್ನು ಬೇಸಿಗೆಯಲ್ಲಿ ಬಿಟ್ಟುಬಿಡಿ, ನೀರಿಗಿಂತ ಬಂಡೆಯೇ ಜಾಸ್ತಿ ಕಾಣುತ್ತೆ.

ಇನ್ನು ಭಾನುವಾರ. ಏಪ್ರಿಲ್-ಮೇನಲ್ಲಿ ಇದ್ದೂ ಕೊಡವ ಕೌಟುಂಬಿಕ ಹಾಕಿ ನೋಡದೆ ಬಂದರೆ ನಾನು ಬೈತೀನಿ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಶುರು ಮಾಡಿದ್ದು, ಆಗ 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಸೇರಿದ್ದವು. ಪ್ರತಿ ವರ್ಷ ಒಂದೊಂದು ಕುಟುಂಬ ನಡೆಸುತ್ತೆ, ಮೈದಾನವೂ ಬದಲಾಗುತ್ತೆ. ಈ ಸಲ ಎಲ್ಲಿ ಅಂತ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ, ಹೇಳ್ತಾರೆ. ತಂಡದ ಹೆಸರೇ ಮನೆತನದ ಹೆಸರು. ಒಂದೇ ತಂಡದಲ್ಲಿ ತಲೆ ನರೆತ ದೊಡ್ಡಪ್ಪ, ಕಾಲೇಜು ಹುಡುಗ, ಎರಡು ಜಡೆಯ ಹುಡುಗಿ ಎಲ್ಲ ಇರ್ತಾರೆ. ಬಾಲು ದೊಡ್ಡಪ್ಪನ ಕಾಲ ಸಂದಿಯಿಂದ ದಾಟಿ ಹೋದರೆ ಗ್ಯಾಲರಿಯಲ್ಲಿ ಅವರ ಹೆಂಡತಿಯೇ ಮೊದಲು ನಗೋದು. ಕಾಮೆಂಟ್ರಿ ಕೊಡವ ಭಾಷೆಯಲ್ಲಿ. ಅರ್ಥ ಆಗದಿದ್ದರೆ ಪಕ್ಕದವರನ್ನು ಕೇಳಿ. ಅವರು ಆಟದ ಜೊತೆಗೆ ಆಟಗಾರರ ಸಂಬಂಧವನ್ನೂ ವಿವರಿಸ್ತಾರೆ: ಇವಳು ಅವನ ಅತ್ತಿಗೆ, ಅವನು ನಮ್ಮ ಭಾವನ ತಮ್ಮ. ಬೆಳಗಿನ ಪಂದ್ಯಕ್ಕೇ ಹೋಗಿ. ಟೋಪಿ, ನೀರು ಇರಲಿ. ಮಧ್ಯಾಹ್ನದ ಊಟಕ್ಕೆ ಅಲ್ಲಿನ ಸ್ಟಾಲುಗಳೇ ಸಾಕು, ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಬಿಸಿ ಇದ್ದಾಗಲೇ ತಿನ್ನಿ. ನಾನು ಹಂದಿ ತಿನ್ನಲ್ಲ, ಕೋಳಿ ಸಾರಲ್ಲೇ ಮುಗಿಸಿದೆ.

ಇನ್ನೊಂದು ಭಾನುವಾರ ಭಾಗಮಂಡಲಕ್ಕೆ. ಅಲ್ಲಿಂದ ತಲಕಾವೇರಿ 8 ಕಿಲೋಮೀಟರ್, ಬಸ್ಸು ಕಮ್ಮಿ, ಜೀಪಿಗೆ ನಾಲ್ಕೈದು ಜನ ಸೇರಿಸಿಕೊಳ್ಳಿ. ಬೈಲಕುಪ್ಪೆಯ ಟಿಬೆಟಿಯನ್ನರ ಗೋಲ್ಡನ್ ಟೆಂಪಲ್ ಕುಶಾಲನಗರದ ಆಚೆ, ಮೈಸೂರು ಜಿಲ್ಲೆಗೆ ಸೇರಿದ್ದು. ಸೆಖೆ ಜಾಸ್ತಿ, ಆದರೆ ಅಲ್ಲಿನ ನೂಡಲ್ಸ್ ಸೂಪು ತುಕ್ಪಾ ಚೆನ್ನಾಗಿರುತ್ತೆ. ತಡಿಯಂಡಮೋಳ್ 1748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸೋದುಂಟು. ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಿ. ನಿಲ್ಲಿಸಿದ್ದರೆ ಕೆಳಗಿನ ನಾಲ್ಕುನಾಡು ಅರಮನೆ ನೋಡಿ ಬನ್ನಿ.

ಸಿದ್ದಾಪುರ, ಅಮ್ಮತ್ತಿ ಕಡೆ ಬೈಕಿನಲ್ಲಿ ಹೋಗುವುದಿದ್ದರೆ ಸಂಜೆ ಆರಕ್ಕೆ ಮುಂಚೆ ವಾಪಸ್ಸಾಗಿ. ಅಲ್ಲಿ ಆನೆ ಕಾಡಲ್ಲಷ್ಟೇ ಇರಲ್ಲ, ತೋಟದಲ್ಲೂ ಇರುತ್ತೆ, ರಸ್ತೆಗೂ ಬರುತ್ತೆ. ಮುಂದಿನ ಗಾಡಿಗಳು ನಿಂತಿದ್ದರೆ ಹಾರ್ನ್ ಮಾಡಬೇಡಿ, ನೀವೂ ನಿಲ್ಲಿ.

ಮಾರ್ಚ್‌ನಲ್ಲೇ ಬರುವವರಿಗೆ ಇನ್ನೊಂದು ಲಾಭ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತೆ, ಮಲ್ಲಿಗೆಯಂಥ ವಾಸನೆ ರಸ್ತೆವರೆಗೂ ಬರುತ್ತೆ. ಎರಡು ಮೂರು ದಿನದಲ್ಲಿ ಹೂ ಕಂದುತ್ತೆ, ಹಾಗಾಗಿ ಭಾನುವಾರಕ್ಕೆ ಕಾಯಬೇಡಿ. ರಸ್ತೆಯಲ್ಲೇ ನಿಂತು ನೋಡಿ. ತೋಟದೊಳಗೆ ಕಾಲಿಡೋದಾದರೆ ಕೇಳಿಯೇ ಹೋಗಿ.

ಕೆಲಸ ಜೂನ್‌ಗೆ ಎಳೆದರೆ ಛತ್ರಿ ನಂಬಬೇಡಿ, ಇಲ್ಲಿನ ಗಾಳಿಗೆ ಅದು ಮಗುಚಿಕೊಳ್ಳುತ್ತೆ. ಮೇ ಕೊನೆಗೇ ರೇನ್‌ಕೋಟ್ ಕೊಂಡುಬಿಡಿ.