ಕಿವಿಯಿಂದ ತೆಗೆದಿಟ್ಟ ಹೊತ್ತಿನಲ್ಲಿ ಶ್ರವಣಯಂತ್ರದ ಬ್ಯಾಟರಿ ಉಳಿಸುವುದು ಹೇಗೆ?

ಶ್ರವಣಯಂತ್ರವನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರೆ ಅದರ ಕೆಲಸ ನಿಂತಿತೆಂದು ನಾವು ತಿಳಿಯುತ್ತೇವೆ. ಆದರೆ ಸ್ವಿಚ್ ಆರಿಸದ ಯಂತ್ರ ಆಗಲೂ ಫ್ಯಾನಿನ ಸದ್ದನ್ನು, ಅಡುಗೆಮನೆಯ ಮಿಕ್ಸಿಯ ಸದ್ದನ್ನು ಹಿಡಿದು, ಹಿಗ್ಗಿಸಿ, ಯಾರ ಕಿವಿಗೂ ಬೀಳದಂತೆ ಗಾಳಿಗೆ ಬಿಡುತ್ತಲೇ ಇರುತ್ತದೆ. ಇದು ನನಗೆ ಮನದಟ್ಟಾದದ್ದು ಒಂದು ರಾತ್ರಿ ಬೀರುವಿನೊಳಗಿಂದ ಸೀಟಿಯಂಥ ಸಣ್ಣ ಸದ್ದು ಬಂದಾಗ. ತಾಯಿಯವರು ಸಂಜೆ ಸ್ನಾನಕ್ಕೆ ಹೋಗುವಾಗ ಯಂತ್ರವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮರೆತಿದ್ದರು. ಸ್ಪೀಕರಿನಿಂದ ಹೊರಟ ಸದ್ದು ಡಬ್ಬಿಯ ಗೋಡೆಗೆ ತಾಗಿ ಮತ್ತೆ ಮೈಕಿಗೇ ಬಂದು, ಮತ್ತೆ ಹಿಗ್ಗಿ, ಹೀಗೆ ಸುತ್ತುತ್ತಾ ಸೀಟಿಯಾಗಿತ್ತು. ಮನೆಯವರೆಲ್ಲರಿಗೂ ಕೇಳಿಸುತ್ತಿದ್ದ ಆ ಸದ್ದು ಯಂತ್ರದ ಒಡತಿಗೆ ಮಾತ್ರ ಕೇಳಿಸುವಂತಿರಲಿಲ್ಲ.

ಇದರಿಂದಾಗುವ ನಷ್ಟವನ್ನು ಸರಳವಾಗಿ ಲೆಕ್ಕ ಹಾಕಬಹುದು. ಕಂದು ಬಣ್ಣದ ಸ್ಟಿಕ್ಕರಿನ 312ನೇ ಅಳತೆಯ ಜಿಂಕ್-ಏರ್ (ಗಾಳಿಯಿಂದ ಕೆಲಸ ಮಾಡುವ) ಸೆಲ್ಲಿನ ಸಾಮರ್ಥ್ಯ ಸುಮಾರು 170 ಮಿಲಿಆಂಪಿಯರ್-ಗಂಟೆ. ಯಂತ್ರವು 1.5 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ಆ ಸೆಲ್ಲು 113 ಗಂಟೆ ಬರುತ್ತದೆ. ದಿನಕ್ಕೆ 14 ಗಂಟೆ ಬಳಸಿ ಉಳಿದ ಹೊತ್ತು ಆರಿಸಿಟ್ಟರೆ ಎಂಟು ದಿನ. ಹಗಲುರಾತ್ರಿ ಎಚ್ಚರವಾಗಿಯೇ ಬಿಟ್ಟರೆ ಐದು ದಿನವೂ ಇಲ್ಲ.

ಈ ನಷ್ಟವನ್ನು ತಡೆಯಲೆಂದೇ ಕೆಲವು ಹೊಸ ಯಂತ್ರಗಳು ತಾವು ಕಿವಿಯಲ್ಲಿದ್ದೇವೆಯೋ ಇಲ್ಲವೋ ಎಂಬುದನ್ನು ತಾವೇ ಪತ್ತೆಹಚ್ಚುತ್ತವೆ. ಕಿವಿಯಲ್ಲಿಲ್ಲ ಎಂದು ಖಾತ್ರಿಯಾದೊಡನೆ ಧ್ವನಿವರ್ಧನೆಯನ್ನೂ ಬ್ಲೂಟೂತ್ ಸಂಪರ್ಕವನ್ನೂ ನಿಲ್ಲಿಸಿ, ಅತ್ಯಲ್ಪ ವಿದ್ಯುತ್ತಿನಲ್ಲಿ ನಡೆಯುವ ಒಂದು ಸೆನ್ಸರನ್ನು ಮಾತ್ರ ಕಾವಲಿಗೆ ಇಟ್ಟುಕೊಳ್ಳುತ್ತವೆ. ನಿಮ್ಮ ಯಂತ್ರದಲ್ಲಿ ಇದು ಯಾವ ಬಗೆಯಲ್ಲಿ ನಡೆಯುತ್ತದೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು, ಏಕೆಂದರೆ ಒಂದೊಂದು ಬಗೆಯೂ ಮೋಸಹೋಗುವ ರೀತಿ ಬೇರೆ.

ಚಲನೆಯನ್ನು ಅಳೆಯುವ ಸೆನ್ಸರ್ ಇದ್ದರೆ, ಯಂತ್ರವು ಅಲುಗಾಡದೆ ಕೆಲವು ನಿಮಿಷ ಬಿದ್ದಿದ್ದಾಗ ಮಲಗುತ್ತದೆ, ಎತ್ತಿಕೊಂಡೊಡನೆ ಏಳುತ್ತದೆ. ಇದನ್ನು ಜುಬ್ಬದ ಜೇಬಿನಲ್ಲೋ ವ್ಯಾನಿಟಿ ಬ್ಯಾಗಿನಲ್ಲೋ ಇಟ್ಟುಕೊಂಡು ಬಸ್ಸಿನಲ್ಲಿ ಹೋದರೆ ದಾರಿಯುದ್ದಕ್ಕೂ ಎಚ್ಚರವಾಗಿಯೇ ಇರುತ್ತದೆ. ಆದುದರಿಂದ ಪ್ರಯಾಣದಲ್ಲಿ ಕೈಯಿಂದಲೇ ಆರಿಸಬೇಕು. ಇನ್‌ಫ್ರಾರೆಡ್ ಬೆಳಕಿನ ಸೆನ್ಸರ್ ಹತ್ತಿರದಲ್ಲಿ ಏನೋ ಇದೆ ಎಂಬುದನ್ನಷ್ಟೇ ನೋಡುತ್ತದೆ, ಅದು ಚರ್ಮವೋ ಜೇಬಿನ ಬಟ್ಟೆಯೋ ಎಂದು ಬಿಡಿಸಿ ಹೇಳಲಾರದು. ಆಪಲ್ ಕಂಪನಿಯು ತನ್ನ ವೈರಿಲ್ಲದ ಇಯರ್‌ಫೋನಾದ 2021ರ ಏರ್‌ಪಾಡ್ಸ್‌ನಲ್ಲಿ ಚರ್ಮವನ್ನೇ ಗುರುತಿಸುವ ಸೆನ್ಸರ್ ತಂದದ್ದು ಈ ಗೊಂದಲವನ್ನು ನೀಗಲು. ನಮ್ಮಲ್ಲಿ ಇದಕ್ಕೆ ಇನ್ನೊಂದು ತೊಡಕುಂಟು: ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಸೆನ್ಸರಿನ ಮೇಲೆ ತೆಳ್ಳಗೆ ಕುಳಿತು, ಬೆವರೂ ದೂಳೂ ಅದಕ್ಕೆ ಅಂಟಿದರೆ ಪತ್ತೆ ಕೆಡುತ್ತದೆ. ದಿನಕ್ಕೊಮ್ಮೆ ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ನೀರು, ಸ್ಪಿರಿಟ್ ಎರಡೂ ಬೇಡ.

ನನಗೆ ಹೆಚ್ಚು ಜಾಣತನದ್ದೆನಿಸುವುದು ಸದ್ದಿನಿಂದಲೇ ಪತ್ತೆಮಾಡುವ ಬಗೆ. ಸ್ಪೀಕರಿನಿಂದ ಮೈಕಿಗೆ ಸೋರುವ ಸದ್ದು ಯಂತ್ರವು ಕಿವಿಯಲ್ಲಿ ಕುಳಿತಾಗ ಒಂದು ರೀತಿ, ಹೊರಗಿದ್ದಾಗ ಇನ್ನೊಂದು ರೀತಿ ಇರುತ್ತದೆ. ಸೀಟಿ ಹೊಡೆಯದಂತೆ ತಡೆಯಲು ಯಂತ್ರವು ಈ ಸೋರಿಕೆಯನ್ನು ಹೇಗೂ ಅಂದಾಜು ಮಾಡುತ್ತಲೇ ಇರುವುದರಿಂದ, ಅದೇ ಲೆಕ್ಕವನ್ನು ಇದಕ್ಕೂ ಬಳಸಿಕೊಳ್ಳಬಹುದು.

ಈ ಸೌಲಭ್ಯ ಯಂತ್ರದಲ್ಲಿದ್ದರೂ ಸೆಟ್ಟಿಂಗಿನಲ್ಲಿ ಆರಿಸಿಟ್ಟಿರಬಹುದು. ಮೊದಲು ಮೊಬೈಲಿನಲ್ಲಿರುವ ಯಂತ್ರದ ಆ್ಯಪ್ ತೆರೆದು 'ಆಟೊ ಆನ್' ಅಥವಾ 'ಆಟೊ ಆಫ್' ಎಂಬಂಥ ಆಯ್ಕೆ ಇದೆಯೇ ನೋಡಿ. ಅಲ್ಲಿ ಕಾಣದಿದ್ದರೆ ಆಡಿಯಾಲಜಿಸ್ಟರನ್ನು (ಶ್ರವಣತಜ್ಞರನ್ನು) ಕೇಳಿ; ಕೆಲವು ಆಯ್ಕೆಗಳು ಅವರ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತವೆ. ಕೇಳುವಾಗ, ಎಷ್ಟು ನಿಮಿಷದ ನಂತರ ಯಂತ್ರ ಮಲಗಬೇಕೆಂಬುದನ್ನು ಬದಲಿಸಲು ಬರುತ್ತದೆಯೇ ಎಂದೂ ವಿಚಾರಿಸಿ. ಆರಾಮಕುರ್ಚಿಯಲ್ಲಿ ಕದಲದೆ ಕುಳಿತು ಓದುವವರಿಗೆ ಅಥವಾ ಜಪಕ್ಕೆ ಕೂರುವವರಿಗೆ ಈ ಅವಧಿ ತೀರ ಚಿಕ್ಕದಾಗಿದ್ದರೆ, ಕಿವಿಯಲ್ಲಿರುವ ಯಂತ್ರವೇ ನಡುವೆ ಮೌನವಾಗಿ ಗಾಬರಿಯಾದೀತು.

ಯಂತ್ರ ನಿಜವಾಗಿಯೂ ಮಲಗುತ್ತದೆಯೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಾಮಾನ್ಯವಾಗಿ ಎಲ್ಲರೂ ಅದನ್ನು ಎತ್ತಿ ಅಂಗೈಯಲ್ಲಿ ಮುಚ್ಚಿ ಸೀಟಿ ಬರುತ್ತದೆಯೇ ಎಂದು ನೋಡುತ್ತಾರೆ. ಆದರೆ ಚಲನೆಯ ಸೆನ್ಸರ್ ಇರುವ ಯಂತ್ರ ಎತ್ತಿದ ಕ್ಷಣವೇ ಎದ್ದುಬಿಡುವುದರಿಂದ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ರೀಚಾರ್ಜ್ ಆಗುವ ಯಂತ್ರವಾದರೆ, ರಾತ್ರಿ ಹತ್ತಕ್ಕೆ ಆ್ಯಪಿನಲ್ಲಿ ತೋರುವ ಶೇಕಡಾವಾರನ್ನು ಬರೆದುಕೊಂಡು, ಚಾರ್ಜರಿನಲ್ಲಿಡದೆ, ಬರಿಯ ಮೇಜಿನ ಮೇಲೆ ಬಿಟ್ಟು, ಬೆಳಗ್ಗೆ ಆರಕ್ಕೆ ಮತ್ತೆ ನೋಡಿ. ಪೂರ್ಣ ಚಾರ್ಜಿಗೆ 24 ಗಂಟೆ ನಡೆಯುವ ಯಂತ್ರವು ಎಂಟು ಗಂಟೆಯೂ ಎಚ್ಚರವಾಗಿದ್ದರೆ ಸುಮಾರು ಮೂರನೇ ಒಂದು ಪಾಲು ಇಳಿದಿರುತ್ತದೆ. ಮಲಗಿದ್ದರೆ ಇಳಿತ ಅದಕ್ಕಿಂತ ಬಹಳ ಕಡಿಮೆ. ಇನ್ನೊಂದು ಸಾಕ್ಷಿ ಆಡಿಯಾಲಜಿಸ್ಟರ ಬಳಿ ಸಿಗುತ್ತದೆ. ಅನೇಕ ಯಂತ್ರಗಳು ದಿನಕ್ಕೆ ಸರಾಸರಿ ಎಷ್ಟು ಗಂಟೆ ಚಾಲೂ ಇದ್ದವೆಂದು ಒಳಗೇ ದಾಖಲಿಸಿಟ್ಟುಕೊಳ್ಳುತ್ತವೆ. ಹಗಲು ಮಾತ್ರ ತೊಡುವವರ ಯಂತ್ರದಲ್ಲಿ 22 ಗಂಟೆ ಎಂದು ಬಂದರೆ, ಅದು ರಾತ್ರಿಯೆಲ್ಲ ಎಚ್ಚರವಾಗಿತ್ತೆಂದೇ ಅರ್ಥ.

ಹಾಗೆಂದು ಎಲ್ಲವನ್ನೂ ಸೆನ್ಸರಿಗೆ ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ಸ್ನಾನ, ಹೆಲ್ಮೆಟ್, ಕ್ಷೌರ, ಮಧ್ಯಾಹ್ನದ ಜೊಂಪು ಮುಂತಾದ ಸಣ್ಣ ಬಿಡುವುಗಳಿಗೆ ಅದು ತಕ್ಕ ಉಪಾಯ. ರಾತ್ರಿಯ ದೀರ್ಘ ಬಿಡುವಿಗೆ ಹಳೆಯ ಅಭ್ಯಾಸವೇ ಮೇಲು. ಸೆಲ್ಲು ಹಾಕುವ ಯಂತ್ರದಲ್ಲಿ ಬ್ಯಾಟರಿಯ ಪುಟ್ಟ ಬಾಗಿಲನ್ನು ತೆರೆದಿಟ್ಟರೆ ವಿದ್ಯುತ್ ಹರಿವೂ ನಿಲ್ಲುತ್ತದೆ, ಒಳಗಿನ ಬೆವರಿನ ತೇವವೂ ಆರುತ್ತದೆ. ಜಿಂಕ್-ಏರ್ ಸೆಲ್ಲು ಗಾಳಿಯಿಂದ ಕೆಲಸ ಮಾಡುವುದರಿಂದ, ಸ್ಟಿಕ್ಕರ್ ಕಿತ್ತ ಮೇಲೆ ಅದನ್ನು ಬಳಸಿದರೂ ಬಳಸದಿದ್ದರೂ ಕ್ರಮೇಣ ಸವೆಯುತ್ತದೆ; ಸ್ಟಿಕ್ಕರನ್ನು ಮತ್ತೆ ಅಂಟಿಸಿ ಪ್ರಯೋಜನವಿಲ್ಲ. ಹವೆಯೂ ಇದರ ಮೇಲೆ ಪರಿಣಾಮ ಮಾಡುತ್ತದೆ: ಕಲಬುರಗಿಯ ಬೇಸಿಗೆಯ ಒಣಗಾಳಿ ಸೆಲ್ಲಿನ ಒಳಗಿನ ತೇವವನ್ನು ಹೀರಿದರೆ, ಆಗುಂಬೆಯ ಮಳೆಗಾಲದಲ್ಲಿ ಅದೇ ಸೆಲ್ಲು ಹೊರಗಿನ ತೇವವನ್ನು ಹೀರಿಕೊಳ್ಳುತ್ತದೆ. ಸೆಲ್ಲು ನಿರೀಕ್ಷೆಗಿಂತ ಬೇಗ ಮುಗಿದರೆ ಸೆನ್ಸರನ್ನೇ ದೂರುವ ಮೊದಲು ಇದನ್ನೂ ಗಮನಿಸಬೇಕು.

ರೀಚಾರ್ಜ್ ಯಂತ್ರವನ್ನು ರಾತ್ರಿ ಚಾರ್ಜರಿನಲ್ಲೇ ಇಡಬೇಕು, ಆದರೆ ಕರೆಂಟು ಹೋಗುವ ಊರಿನವರಿಗೆ ಒಂದು ಎಚ್ಚರಿಕೆ ಅಗತ್ಯ. ಕೆಲವು ಮಾದರಿಗಳು ಚಾರ್ಜರಿಗೆ ವಿದ್ಯುತ್ ತಪ್ಪಿದೊಡನೆ ತಮ್ಮನ್ನು ಹೊರತೆಗೆದರೆಂದು ತಿಳಿದು, ಡಬ್ಬಿಯೊಳಗೇ ಚಾಲೂ ಆಗಿ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತವೆ. ನಿಮ್ಮದೂ ಹಾಗೆಯೇ ಎಂದು ನೋಡಲು, ಹಗಲಿನಲ್ಲೊಮ್ಮೆ ಯಂತ್ರವನ್ನು ಚಾರ್ಜರಿನಲ್ಲಿಟ್ಟು ಪ್ಲಗ್ ಕಿತ್ತು, ಮೊಬೈಲು ಅದರೊಡನೆ ಸಂಪರ್ಕ ಸಾಧಿಸುತ್ತದೆಯೇ ಎಂದು ಪರೀಕ್ಷಿಸಿ. ಸಾಧಿಸಿದರೆ, ಮಲಗುವ ಮುನ್ನ ಗುಂಡಿಯನ್ನು ಒತ್ತಿ ಹಿಡಿದು ಆರಿಸಿಟ್ಟರೂ ಚಾರ್ಜರ್ ಅದನ್ನು ಮತ್ತೆ ಎಬ್ಬಿಸಬಹುದು. ಹೀಗಾಗಿ ಚಾರ್ಜರನ್ನು ಯುಪಿಎಸ್ ಇರುವ ಪ್ಲಗ್ಗಿಗೆ ಹಾಕುವುದು, ಇಲ್ಲವೇ ಒಳಗೇ ಬ್ಯಾಟರಿಯಿರುವ ಚಾರ್ಜರನ್ನು ಕೊಳ್ಳುವುದು ಸರಿಯಾದ ದಾರಿ. ನಮ್ಮ ಮನೆಯಲ್ಲಿ ಚಾರ್ಜರ್ ಈಗ ವೈಫೈ ಪೆಟ್ಟಿಗೆಯ ಪಕ್ಕದ, ಯುಪಿಎಸ್ ಇರುವ ಪ್ಲಗ್ಗಿನಲ್ಲಿದೆ.