ಹಾರಿಸುವುದು ಗೊತ್ತಿತ್ತು, ಕಲಿಸುವುದನ್ನು ಕಲಿಯಲು ಸ್ಕೂಲ್ ಹುಡುಕಿದೆ

ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಕೈಗೆ ಬಂದಾಗ ನನ್ನ ಲಾಗ್‌ಬುಕ್‌ನಲ್ಲಿ 200 ಗಂಟೆ ಚಿಲ್ಲರೆ ಹಾರಾಟ ಇತ್ತು. ಏರ್‌ಲೈನ್ ಕರೆಗೆ ಕಾಯುತ್ತಾ ತಿಪಟೂರಿನಲ್ಲಿ ಸುಮ್ನೆ ಕೂರುವ ಬದಲು ಇನ್‌ಸ್ಟ್ರಕ್ಟರ್ ಆಗೋಣ ಅಂತ ತೀರ್ಮಾನಿಸಿದೆ. "ಹಂಗಾದ್ರೆ ಏರೋಪ್ಲೇನ್ ಮೇಷ್ಟ್ರು ಅನ್ನು" ಅಂದರು ಪಕ್ಕದ ಮನೆ ಅಜ್ಜಿ. ಸರಿಯಾಗೇ ಹೇಳಿದರು.

ನಮ್ಮಲ್ಲಿ ಮೊದಲು ಸಿಗುವುದು ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್. ಅದು ಸಿಕ್ಕ ಮೇಲೂ ಹಿರಿಯ ಇನ್‌ಸ್ಟ್ರಕ್ಟರ್ ಕಣ್ಗಾವಲಿನಲ್ಲೇ ಪಾಠ ಮಾಡಬೇಕು. ವಿದ್ಯಾರ್ಥಿಯನ್ನು ಮೊದಲ ಸೋಲೋಗೆ, ಅಂದರೆ ಒಬ್ಬನೇ ಹಾರಲು, ಬಿಡುವ ಅಧಿಕಾರವೂ ಅವರದ್ದೇ. ಹಾಗಾಗಿ ಆ ಹಿರಿಯರು ಯಾರು ಅನ್ನುವುದೇ ನನಗೆ ಮುಖ್ಯವಾಯಿತು.

ತುಮಕೂರು ಜಿಲ್ಲೆಯವರಿಗೆ ಹತ್ತಿರ ಅಂದರೆ ಬೆಂಗಳೂರಿನ ಜಕ್ಕೂರು. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಅಲ್ಲೇ. ಆದರೆ ಪಕ್ಕದಲ್ಲಿ ಯಲಹಂಕ ವಾಯುನೆಲೆ, ಆಚೆ ಕೆಂಪೇಗೌಡ ವಿಮಾನ ನಿಲ್ದಾಣ. ಆಕಾಶ ಸ್ವಲ್ಪ ಇಕ್ಕಟ್ಟು. ಬೆಳಗಾವಿ, ಕಲಬುರಗಿಯಲ್ಲೂ ಸ್ಕೂಲ್‌ಗಳಿವೆ. ಇನ್ನೂ ಮುಂದೆ ಹೋದರೆ ಮಹಾರಾಷ್ಟ್ರದ ಬಾರಾಮತಿ, ಗೊಂದಿಯಾ. ಬೆಳಗಾವಿ ಕಡೆ ಮಳೆಗಾಲದಲ್ಲಿ, ಉತ್ತರ ಪ್ರದೇಶದ ಕಡೆ ಚಳಿಗಾಲದ ಮಂಜಿನಲ್ಲಿ ವಿಮಾನ ಮೇಲೇಳದ ದಿನಗಳು ಜಾಸ್ತಿ. ಹಾಸ್ಟೆಲ್ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. 2025ರಿಂದ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಸ್ಕೂಲ್‌ಗಳಿಗೆ ರ‍್ಯಾಂಕ್ ಕೊಡುತ್ತಿದೆ. ಅದನ್ನೂ ನೋಡಿದೆ. ಆದರೆ ನನ್ನ ಪಕ್ಕದಲ್ಲಿ ಕೂರುವವರು ಹೇಗೆ ಕಲಿಸುತ್ತಾರೆ ಅಂತ ರ‍್ಯಾಂಕ್ ಹೇಳುವುದಿಲ್ಲ ಅಲ್ವಾ?

ಈ ತರಬೇತಿಯ ಕಷ್ಟ ಬೇರೆ ಥರದ್ದು. ಇಷ್ಟು ದಿನ ಎಡ ಸೀಟಿನಲ್ಲಿ ಕೂತವರು ಬಲ ಸೀಟಿಗೆ ಹೋಗಬೇಕು. ವಿಮಾನ ತಿರುಗಿಸುವ ಯೋಕ್ ಬಲಗೈಗೆ, ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಎಡಗೈಗೆ. ರನ್‌ವೇ ಮಧ್ಯದ ಗೆರೆ ಕಾಣುವ ರೀತಿಯೇ ಬದಲಾಗುತ್ತದೆ. ಅದು ಹೇಗೋ ರೂಢಿಯಾಗುತ್ತದೆ. ಕಷ್ಟ ಇರುವುದು ಪ್ಯಾಟರ್‌ನಲ್ಲಿ. ಕೈ ಮಾಡುತ್ತಿರುವುದನ್ನು ಬಾಯಿ ಅದೇ ಕ್ಷಣಕ್ಕೆ ಹೇಳಬೇಕು. ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದನ್ನು, ತೋರಿಸುವಾಗ ಮಾತು ಎರಡು ಸೆಕೆಂಡ್ ತಡವಾದರೆ ವಿದ್ಯಾರ್ಥಿಗೆ ಕಂಡಿದ್ದೇ ಒಂದು, ಕೇಳಿದ್ದೇ ಒಂದು. ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದೂ ಗೊತ್ತಿರಬೇಕು. ಇದನ್ನು ಕಲಿಸುವವರು ಎಡ ಸೀಟಿನಲ್ಲಿ ಕೂತು ವಿದ್ಯಾರ್ಥಿಯ ಪಾತ್ರ ಮಾಡುತ್ತಾರೆ. ಬೇಕಂತಲೇ ಕಾಲಿನಲ್ಲಿ ಒತ್ತುವ ರಡರ್ ಮರೆಯುತ್ತಾರೆ, ಇಳಿಯುವಾಗ ಮೂಗು ಎತ್ತುವ ಫ್ಲೇರ್ ತಡ ಮಾಡುತ್ತಾರೆ. ಈ ನಾಟಕ ಎಲ್ಲರಿಗೂ ಬರುವುದಿಲ್ಲ.

ಅದಕ್ಕೇ ಹೋದ ಕಡೆಯೆಲ್ಲ, ಹಾರುವ ಮುಂಚಿನ ಪಾಠ ನೋಡಲು, ಒಂದೇ ಕೇಳಿದೆ: "ಸರ್, ಒಂದು ಬ್ರೀಫಿಂಗ್‌ನಲ್ಲಿ ಹಿಂದೆ ಕೂರಬಹುದಾ?" ಒಂದು ಕಡೆ ಅಡ್ಮಿಷನ್ ಆದ ಮೇಲೆ ನೋಡೋಣ ಅಂದರು. ಇನ್ನೊಂದು ಕಡೆ ಇನ್‌ಸ್ಟ್ರಕ್ಟರ್ ಸ್ಲೈಡ್ ಓದಿಕೊಂಡು ಹೋದರು. ನಾನು ಸೇರಿದ ಕಡೆ, ಬೋರ್ಡ್ ಮೇಲೆ ಚಿತ್ರ ಬರೆದವರು ಡಸ್ಟರ್‌ನಲ್ಲಿ ಒರೆಸಿ, "ಈಗ ನೀನು ನನಗೆ ಹೇಳಿಕೊಡು" ಅಂತ ಹುಡುಗನ ಕೈಗೆ ಪೆನ್ ಕೊಟ್ಟರು. ಆಮೇಲೆ ಕಟ್ಟಡ, ಎ.ಸಿ. ಕ್ಲಾಸ್‌ರೂಮ್ ಯಾವುದನ್ನೂ ನೋಡಲಿಲ್ಲ.

ಹ್ಯಾಂಗರ್ ಮಾತ್ರ ನೋಡಿದೆ. ಒಟ್ಟು ಎಷ್ಟು ವಿಮಾನ ಅಂತ ಕೇಳಿ ಪ್ರಯೋಜನವಿಲ್ಲ, ಇವತ್ತು ಎಷ್ಟು ಹಾರುತ್ತಿವೆ ಅಂತ ಕೇಳಬೇಕು. 100 ಗಂಟೆ ಇನ್‌ಸ್ಪೆಕ್ಷನ್‌ಗೆ ಹೋದದ್ದು ಯಾವಾಗ ಹೊರಗೆ ಬರುತ್ತದೆ ಅಂತಲೂ. ಗೇಟಿನಾಚೆ ಟೀ ಅಂಗಡಿಯಲ್ಲಿ ವಿದ್ಯಾರ್ಥಿಗಳು ನಿಜ ಹೇಳುತ್ತಾರೆ. ವಿಮಾನ ಕಡಿಮೆಯಾದಾಗ ಮೊದಲು ಸರದಿ ತಪ್ಪುವುದು ರೇಟಿಂಗ್‌ಗಷ್ಟೇ ಬಂದ ನಮ್ಮಂಥವರಿಗೆ. ಪೂರ್ತಿ ಕೋರ್ಸ್‌ನ ದುಡ್ಡು ಕೊಟ್ಟವರನ್ನು ಕಾಯಿಸಲು ಯಾವ ಸ್ಕೂಲಿಗೂ ಮನಸ್ಸಿರುವುದಿಲ್ಲ.

ದುಡ್ಡಿನ ಮಾತು ಅಪ್ಪನೇ ಹೇಳಿಕೊಟ್ಟರು. ಅವರದು ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ವ್ಯಾಪಾರ. "ತೂಕ ಹಾಕೋ ಮೊದ್ಲೇ ಯಾರಾದ್ರೂ ಪೂರ್ತಿ ದುಡ್ಡು ಕೊಡ್ತಾರಾ?" ಅಂದರು. ಹಾರಿದಷ್ಟಕ್ಕೆ ಕಂತಿನಲ್ಲಿ ಕೊಡುವಂತೆ ಮಾತಾಡಿಕೊಂಡೆ. ಗಂಟೆ ಜಾಸ್ತಿ ಹಿಡಿದರೆ ರೇಟ್ ಎಷ್ಟು, ಚೆಕ್, ಅಂದರೆ ಹಾರಾಟದ ಪರೀಕ್ಷೆ, ದಿನದ ವಿಮಾನದ ಖರ್ಚು ಯಾರದು, ಎಲ್ಲವನ್ನೂ ಬರೆಸಿಕೊಂಡೆ.

ರೇಟಿಂಗ್ ಆದ ಮೇಲೆ ಅಲ್ಲೇ ಕೆಲಸ ಕೊಡ್ತೀವಿ ಅಂತ ಆಸೆ ತೋರಿಸಿದವರಿದ್ದರು. ಸಂಬಳ ತಿಂಗಳಿಗಾ, ಹಾರಿದ ಗಂಟೆಗಾ ಅಂತ ಕೇಳಿದೆ. ಬಾಂಡ್ ಇದ್ದರೆ ಓದಿ, ಲೆಕ್ಕ ಹಾಕಿ ಸಹಿ ಮಾಡಬಹುದು. ಒರಿಜಿನಲ್ ಸರ್ಟಿಫಿಕೇಟ್ ನಮ್ಮ ಹತ್ತಿರವೇ ಇರಲಿ ಅಂದ ಕಡೆ ಮಾತು ಮುಂದುವರಿಸಲಿಲ್ಲ.