ಎರೆಮಣ್ಣಿನಲ್ಲಿ ಎರಡು ಗುಂಡಿ ಸಂಡಾಸ್ ಕಟ್ಟಿ ಗೆದ್ದ ಬಗೆ

ಎರೆಮಣ್ಣಿನಲ್ಲಿ ಎರಡು ಗುಂಡಿ ಸಂಡಾಸ್ ನಡೆಯುತ್ತದೆ. ಈ ಮಣ್ಣಿನಲ್ಲಿ ಗುಂಡಿಯ ನೀರು ಇಂಗುವುದಿಲ್ಲ, ಆದ್ದರಿಂದ ನಡೆಯುವುದಿಲ್ಲ ಅನ್ನುವವರು ನಮ್ಮ ರೋಣ, ನರಗುಂದ, ನವಲಗುಂದ ಕಡೆ ಇನ್ನೂ ಇದ್ದಾರೆ. ಅವರಲ್ಲಿ ಗೌಂಡಿಗಳೇ ಜಾಸ್ತಿ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗೋಡೆ ಎಬ್ಬಿಸುವುದು, ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ಬಾಗು ಪೈಪು) ಕೂರಿಸುವುದು, ಪೈಪಿಗೆ ಇಳಿಜಾರು ಕೊಡುವುದು ನಿಮಗೆ ಗೊತ್ತಿರುವ ಕೆಲಸ, ಅದನ್ನು ಬಿಟ್ಟು ಗುಂಡಿಯ ಮಾತಷ್ಟೇ ಹೇಳುತ್ತೇನೆ.

ನಮ್ಮ ಭಾಗಕ್ಕೆ ಸರ್ಕಾರದ ಸಂಡಾಸ್ ಬಂದದ್ದು ಸ್ವಚ್ಛ ಭಾರತದಲ್ಲೇ ಮೊದಲಲ್ಲ. 1999ರ ಸಂಪೂರ್ಣ ಸ್ವಚ್ಛತಾ ಆಂದೋಲನದಲ್ಲೂ ಕಟ್ಟಿದ್ದರು, 2012ರಲ್ಲಿ ನಿರ್ಮಲ ಭಾರತ ಅಂತ ಹೆಸರು ಬದಲಾದಾಗಲೂ ಕಟ್ಟಿದರು. ನಮ್ಮೂರಲ್ಲಿ ಅವುಗಳ ಒಳಗೆ ಕುಳ್ಳು, ಕಟ್ಟಿಗೆ, ಮೇವು ಇರುತ್ತಿತ್ತು. ಜನಕ್ಕೆ ತಿಳುವಳಿಕೆ ಇಲ್ಲ ಅಂತ ಬಂದವರೆಲ್ಲ ಬೈದು ಹೋಗುತ್ತಿದ್ದರು. ಆದರೆ ಮಳೆಗಾಲದ ಮೊದಲ ತಿಂಗಳಲ್ಲೇ ನೀರು ವಾಪಸ್ ಬೇಸಿನ್ನಿಗೆ ಬಂದರೆ ಯಾರು ತಾನೇ ಬಳಸುತ್ತಾರೆ? ಜನ ಮತ್ತೆ ತಂಬಿಗೆ ಹಿಡಿದು ಬಯಲುಕಡೆ ಹೊರಟರು. ಹೆಣ್ಣುಮಕ್ಕಳು ಕತ್ತಲಾಗುವುದನ್ನೇ ಕಾಯುತ್ತಿದ್ದರು. ಈ ಕೆಲಸಕ್ಕೆ ನಾನು ಬಿದ್ದದ್ದು ಅದನ್ನು ನೋಡಲಾಗದೆ.

2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ ಶುರುವಾಯಿತು. ಐದು ವರ್ಷದಲ್ಲಿ ಮುಗಿಸಬೇಕು ಅನ್ನುವ ಗಡುವು. ಮನೆಗೆ 12 ಸಾವಿರ ರೂಪಾಯಿ ಸಹಾಯಧನ, ನಮ್ಮ ರಾಜ್ಯದಲ್ಲಿ ಎಸ್‌ಸಿ, ಎಸ್‌ಟಿ ಕುಟುಂಬಗಳಿಗೆ 15 ಸಾವಿರ. ಡ್ರಾಯಿಂಗಿನಲ್ಲಿ ಎರಡು ಗುಂಡಿ ಸ್ಪಷ್ಟವಾಗಿಯೇ ಇತ್ತು. ಆದರೂ ನಮ್ಮ ಕಡೆ ಜನ ಕಟ್ಟಿಸಿಕೊಂಡದ್ದು ಒಂದೇ ದೊಡ್ಡ ಗುಂಡಿ. ಹತ್ತು ಅಡಿ, ಹನ್ನೆರಡು ಅಡಿ ಆಳ. ಆಳ ಇದ್ದಷ್ಟೂ ತಡವಾಗಿ ತುಂಬುತ್ತದೆ ಅನ್ನುವ ಲೆಕ್ಕ ಅವರದು. ತುಂಬಿದ ಮೇಲೆ ಏನು ಅಂತ ಕೇಳಿದರೆ ಉತ್ತರ ಇಲ್ಲ. ನನಗೆ ಹೊಟ್ಟೆ ಉರಿಯುವುದೇ ಇಲ್ಲಿ. ಅಂಥ ಗುಂಡಿ ತುಂಬಿದ ದಿನ ಊರು ಯಾರ ಕೇರಿಯ ಕಡೆ ನೋಡುತ್ತದೆ ಅಂತ ನಮಗೆಲ್ಲ ಗೊತ್ತು. ಮನುಷ್ಯರನ್ನು ಇಳಿಸಿ ಮಲ ತೆಗೆಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಮೇಲಾಗಿ ಹತ್ತು ಅಡಿ ಗುಂಡಿಯ ಗ್ಯಾಸಿಗೆ ಮನುಷ್ಯ ಬದುಕುವುದಿಲ್ಲ. ಪೇಟೆಯಿಂದ ಸಕ್ಕಿಂಗ್ ಗಾಡಿ ಕರೆಸಿದರೆ ಆಗಲೇ ಮೂರ್ನಾಲ್ಕು ಸಾವಿರ, ಅದೂ ಓಣಿಯೊಳಗೆ ಬರುವುದಿಲ್ಲ. ಎರಡು ಗುಂಡಿ ಆದರೆ ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿದರಾಯಿತು. ಮೊದಲನೆಯದು ಮುಚ್ಚಿದಲ್ಲೇ ಗೊಬ್ಬರವಾಗುತ್ತದೆ. ಯಾರೂ ಹೊಲಸು ಮುಟ್ಟಬೇಕಿಲ್ಲ.

ಈ ಮಾತು ಹೇಳಿದಾಗ ನಮ್ಮ ಓಣಿಯ ಹಿರಿಯರೊಬ್ಬರು, "ತಮ್ಮಾ, ಎರಿ ಮಣ್ಣಾಗ ನೀರ ಇಂಗೂದಿಲ್ಲೋ. ಮಸಾರಿ ನೆಲದ ಆಟ ಇಲ್ಲಿ ನಡಿಯೂದಿಲ್ಲ" ಅಂದರು. ಮಸಾರಿ ಅಂದರೆ ನೀರು ಬೇಗ ಇಂಗುವ ಕೆಂಪು ಮಣ್ಣು. 2017ರ ಫೆಬ್ರುವರಿಯಲ್ಲಿ ಕೇಂದ್ರದ ನೈರ್ಮಲ್ಯ ಇಲಾಖೆ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ತಾವೇ ಗುಂಡಿಗೆ ಇಳಿದು ಗೊಬ್ಬರ ತೆಗೆದರಲ್ಲ, ಆ ಫೋಟೊ ಮೊಬೈಲಿನಲ್ಲಿ ತೋರಿಸಿದೆ. "ಅದು ಅವರ ಊರು, ಅವರ ಮಣ್ಣು" ಅಂದರು. ಅವರ ಮಾತಿನಲ್ಲಿ ಹುರುಳಿತ್ತು. ಡ್ರಾಯಿಂಗ್ ನೋಡಿ ಮೂರಡಿಯ, ತೂತಿರುವ ಸಿಮೆಂಟು ರಿಂಗು ಇಳಿಸಿ ಸುತ್ತ ಅದೇ ಎರೆಮಣ್ಣು ತುಂಬಿದ ಗುಂಡಿಗಳು ನಮ್ಮ ತಾಲೂಕಿನಲ್ಲಿ ಒಂದೇ ಮಳೆಗಾಲಕ್ಕೆ ನೀರು ಹಿಡಿದು ನಿಂತಿದ್ದವು.

ಯಾಕೆ ಅಂತ ನೋಡಲು ಅಂಥ ಎರಡು ಗುಂಡಿಗಳ ಪಕ್ಕದಲ್ಲೇ ತೋಡಿಸಿ ನೋಡಿದೆ. ರಿಂಗಿನ ತೂತುಗಳಲ್ಲಿ ಎರೆಮಣ್ಣು ಬೆಣ್ಣೆಯ ಹಾಗೆ ಮೆತ್ತಿಕೊಂಡಿತ್ತು. ಒಂದು ಹನಿ ಹೊರಗೆ ಹೋಗಲು ದಾರಿ ಇರಲಿಲ್ಲ. ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಮೇಲಿನ ರಿಂಗು ಕೆಳಗಿನದರ ಮೇಲಿಂದ ಒಂದು ಬೆರಳಷ್ಟು ಸರಿದಿತ್ತು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆ ತಳ್ಳಿ ಎಳೆದರೆ ಯಾವ ರಿಂಗು ನಿಲ್ಲುತ್ತದೆ? ಪೈಪೂ ಎರಡು ಗುಂಡಿಗೆ ದಾರಿ ಕವಲೊಡೆಯುವ ಚೇಂಬರಿನಿಂದ ಕಿತ್ತುಬಂದಿತ್ತು.

ಅಲ್ಲಿಂದ ನನ್ನ ಲೆಕ್ಕವೇ ಬದಲಾಯಿತು. ಎರೆಮಣ್ಣಿನಲ್ಲಿ ದುಡ್ಡು ಹಾಕಬೇಕಾದದ್ದು ಆಳಕ್ಕಲ್ಲ, ರಿಂಗಿನ ಹೊರಗೆ. ಗುಂಡಿಯನ್ನು ರಿಂಗಿಗಿಂತ ಸುತ್ತಲೂ ಒಂದರಿಂದ ಒಂದೂವರೆ ಅಡಿ ಅಗಲ ತೋಡಿ, ಆ ಸಂದಿಗೆ ಗರಸು (ಗುಡ್ಡದ ಒರಟು ಜಲ್ಲಿ), ಕಲ್ಲುಚೂರು, ದಪ್ಪ ಮರಳು ತುಂಬಬೇಕು. ನಿಜ ಹೇಳಬೇಕೆಂದರೆ ಇದು ಸರ್ಕಾರದ ಕೈಪಿಡಿಯಲ್ಲೇ ಇದೆ, ಎರೆಮಣ್ಣಿನಲ್ಲಿ ಗುಂಡಿಯ ಸುತ್ತ 300 ಮಿಲಿಮೀಟರ್, ಅಂದರೆ ಒಂದಡಿ ಹೊದಿಕೆ ಕೊಡಿ ಅಂತ. ಆದರೆ ಆ ಸಾಲಿನ ಖರ್ಚನ್ನು ಬಡವರ ಕೈಗೆಟುಕುವಂತೆ ಯಾರೂ ಇಳಿಸಿ ತೋರಿಸಿರಲಿಲ್ಲ. ನಾನು ತೋರಿಸಿದ್ದು ಅದನ್ನು.

ಖರ್ಚು ಹೇಳುತ್ತೇನೆ, ನೆನಪಿನಲ್ಲಿದ್ದಷ್ಟು. 2017-18ರ ದರ. ನಾಲ್ಕು ನಾಲ್ಕು ರಿಂಗಿನ ಎರಡು ಗುಂಡಿ, ಎರಡು ಮುಚ್ಚಳ ಸೇರಿ ನಾಲ್ಕು ಸಾವಿರದ ಆಸುಪಾಸು. ಬೇಸಿನ್, ಟ್ರ್ಯಾಪ್, ಪೈಪು, ವೈ (Y) ಆಕಾರದ ಕವಲು ಜೋಡಣೆ ಸಾವಿರದ ಇನ್ನೂರು. ಬ್ಲಾಕ್, ಸಿಮೆಂಟು, ಬಾಗಿಲು, ತಗಡು ಎಂಟು ಸಾವಿರ. ಗೌಂಡಿ, ಆಳು ಕೂಲಿ ಮೂರು ಸಾವಿರ. ಇಷ್ಟಕ್ಕೇ 16 ಸಾವಿರ ದಾಟಿತು. ಮೇಲೆ ಗರಸು. ಒಂದಡಿ ಹೊದಿಕೆಗೆ ಒಂದು ಟ್ರ್ಯಾಕ್ಟರ್ ಟ್ರೇಲರ್ ಸಾಕು, ಒಂದೂವರೆ ಅಡಿಗೆ ಎರಡು ಬೇಕಾಗುತ್ತದೆ. ಗುಡ್ಡದ ಕಡೆಯಿಂದ ತರಿಸಿದರೆ ಟ್ರೇಲರಿಗೆ ಸಾವಿರದ ಎಂಟುನೂರು. ಬಡವರು ಎಲ್ಲಿಂದ ತರಬೇಕು?

ಗರಸನ್ನು ಅರ್ಧಕ್ಕೆ ಇಳಿಸಿದ್ದು ಊರಿನ ಹಳೆ ಮನೆಗಳು. ಬಿದ್ದ ಗೋಡೆಯ ಕಲ್ಲುಚೂರು, ಒಡೆದ ಹಂಚು, ಇಟ್ಟಿಗೆ ತುಂಡು ಎಲ್ಲ ಊರತುಂಬ ಸುಮ್ನೆ ಬಿದ್ದಿರುತ್ತದೆ. ಅದನ್ನು ಹೊತ್ತು ತಂದು, ಸಾಣಿಗೆಯಲ್ಲಿ ಆಡಿಸಿ ಮಣ್ಣು ಬೇರೆ ಮಾಡಿ ತುಂಬಿದೆವು. ಸಾಣಿಗೆ ಆಡಿಸುವುದನ್ನು ಮಾತ್ರ ಬಿಡಬೇಡಿ. ಹಳೆ ಗೋಡೆಯ ಮಣ್ಣು ಕಲ್ಲಿನ ಜೊತೆಗೇ ಹೋದರೆ ಎರಡೇ ವರ್ಷಕ್ಕೆ ಹೊದಿಕೆ ಕಟ್ಟಿಕೊಳ್ಳುತ್ತದೆ. ದಪ್ಪದ್ದು, ನಡುವಿನದು, ಸಣ್ಣದು ಯಾವುದು ಎಷ್ಟು ಪಾಲು, ಯಾವುದು ರಿಂಗಿನ ಕಡೆ ಯಾವುದು ಮಣ್ಣಿನ ಕಡೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ರಿಂಗು ಸರಿಯದ ಹಾಗೆ ಎರಡು ರಿಂಗಿನ ನಡುವೆ ನಾನು ಇಡುವ ವಸ್ತುವಿನ ಹೆಸರನ್ನೂ ಹೇಳುವುದಿಲ್ಲ. ನನ್ನ ಜೊತೆ ಎರಡು ದಿನ ಬಂದು ದುಡಿದವರಿಗೆ ತೋರಿಸಿಕೊಟ್ಟಿದ್ದೇನೆ, ಮುಂದೆಯೂ ತೋರಿಸುತ್ತೇನೆ.

ತೋಡುವುದರಲ್ಲೂ ಎರಡು ಮಾತಿವೆ. ಜೆಸಿಬಿಯಲ್ಲಿ ತೋಡಿದರೆ ಬಕೆಟ್ ಉಜ್ಜಿ ಗುಂಡಿಯ ಗೋಡೆ ಗಿಲಾವ್ ಮಾಡಿದಂತೆ ನುಣ್ಣಗೆ ಹೊಳೆಯುತ್ತದೆ. ಹಸಿ ಇದ್ದರಂತೂ ಮುಗಿಯಿತು, ನೀರು ಒಳಗೇ ನಿಲ್ಲುತ್ತದೆ. ಗುದ್ದಲಿ ಮೊನೆಯಿಂದ ಆ ಹೊಳಪನ್ನೆಲ್ಲ ಕೆರೆದು ಒರಟು ಮಾಡಲೇಬೇಕು. ಇನ್ನು ನೀರು ಇಂಗುತ್ತದೋ ಇಲ್ಲವೋ ಅಂತ ನೋಡುವ ಪರೀಕ್ಷೆ. ಮಾರ್ಚ್, ಏಪ್ರಿಲ್‌ನಲ್ಲಿ ಗುಂಡಿ ತೋಡಿ ನಾಲ್ಕು ಕೊಡ ನೀರು ಸುರಿದರೆ ಕಣ್ಣೆದುರೇ ಮಾಯವಾಗುತ್ತದೆ. ಅದನ್ನು ನಂಬಿ ಎಷ್ಟೋ ಜನ ಕೆಟ್ಟಿದ್ದಾರೆ. ಅದು ಬಿರುಕಿಗೆ ಇಳಿದ ನೀರು. ಒಂದು ದಿನ ಪೂರ್ತಿ ನೀರು ಕುಡಿಸಿ, ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಮತ್ತೆ ಸುರಿದು ನೋಡಬೇಕು. ಆಗ ಎಷ್ಟು ಇಂಗುತ್ತದೋ, ಮಳೆಗಾಲದಲ್ಲಿ ನಿಮಗೆ ಸಿಗುವುದು ಅಷ್ಟೇ.

ಬೇಸಿನ್ ವಿಷಯದಲ್ಲಿ ನಾನು ಹಟಮಾರಿ. ಪೇಟೆಯ ಚಂದದ ಬೇಸಿನ್ ಬೇಡವೇ ಬೇಡ. ಅದಕ್ಕೆ ಒಂದು ಸಲಕ್ಕೆ ಬಕೆಟ್ ತುಂಬ ನೀರು ಬೇಕು. ಜಾಸ್ತಿ ಇಳಿಜಾರಿನ ರೂರಲ್ ಬೇಸಿನ್, 20 ಮಿಲಿಮೀಟರ್ ನೀರು ನಿಲ್ಲುವ ಟ್ರ್ಯಾಪ್ ಹಾಕಿದರೆ ಒಂದೂವರೆ, ಎರಡು ಲೀಟರಿಗೆ ಎಲ್ಲ ಹೋಗುತ್ತದೆ. ನೀರು ಹೊರುವ ಹೆಣ್ಣುಮಕ್ಕಳ ಕಷ್ಟವೂ ಇಳಿಯಿತು, ಗುಂಡಿಗೆ ಬೀಳುವ ನೀರೂ ಇಳಿಯಿತು. ಬಚ್ಚಲ ನೀರನ್ನು ಗುಂಡಿಗೆ ಬಿಡಲು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಒಂದು ಮನೆಯವರು ನಾನು ಹೋದ ಮೇಲೆ ಬೇರೆಯವರಿಂದ ಪೈಪು ಕೂಡಿಸಿಕೊಂಡರು. ಆ ಓಣಿಯಲ್ಲಿ ನೀರು ಇಂಗದೆ ಕಟ್ಟಿಕೊಂಡ ಗುಂಡಿ ಅವರದೊಂದೇ. ಆಮೇಲೆ ನರೇಗಾದಲ್ಲಿ ಬಚ್ಚಲು ಗುಂಡಿ ಕೆಲಸ ಬಂತಲ್ಲ, ಆಗ ಬೇರೆ ಮಾಡಿಸಿಕೊಟ್ಟೆ, ಈಗ ಎರಡೂ ನಡೆಯುತ್ತಿವೆ. ಬಚ್ಚಲು ಗುಂಡಿಯ ಪಕ್ಕ ಬಾಳೆ ಹಚ್ಚಿ ನೋಡಿ. ಎರೆಮಣ್ಣು ಕುಡಿಯದ ನೀರನ್ನು ಬಾಳೆ ಕುಡಿಯುತ್ತದೆ. ಮನೆಯ ಹಿತ್ತಲಿಗೆ ಗೊನೆಯೂ ಆಯಿತು.

ರಿಂಗಿನ ಬದಲು ಸಿಮೆಂಟು ಇಲ್ಲದೆ ಒಣಗಲ್ಲಿನಲ್ಲೇ ಗುಂಡಿ ಕಟ್ಟಿಯೂ ನೋಡಿದ್ದೇನೆ. ನೀರು ಬಹಳ ಚೆನ್ನಾಗಿ ಹೋಗುತ್ತದೆ. ಆದರೆ ಕೂಲಿ ದುಪ್ಪಟ್ಟು, ಹೆಗ್ಗಣ ತೋಡಿಕೊಂಡು ಒಳಗೆ ಬರುತ್ತದೆ. ಗುಂಡಿಗೆ ಮೊದಲು ಸಗಣಿ ನೀರು ಹಾಕಿದರೆ ಬೇಗ ಕೊಳೆಯುತ್ತದೆ ಅನ್ನುತ್ತಾರೆ. ಹಾಕಿದ ಗುಂಡಿ, ಹಾಕದ ಗುಂಡಿ ಎರಡನ್ನೂ ನೋಡಿದೆ, ಏನೂ ಫರಕು ಕಾಣಲಿಲ್ಲ. ಫಿನೈಲ್, ಆ್ಯಸಿಡ್ ಸುರಿಯುವ ಮನೆಗಳಲ್ಲಿ ಮಾತ್ರ ಕೊಳೆಯುವುದು ನಿಧಾನ, ಅದನ್ನು ಕಣ್ಣಾರೆ ಕಂಡಿದ್ದೇನೆ.

ದುಡ್ಡಿನ ಕಷ್ಟ ಬೇರೆಯೇ ಇದೆ. ಕಟ್ಟಿ, ಫೋಟೊ ತೆಗೆದು ಏರಿಸಿದ ಮೇಲೆ ಫಲಾನುಭವಿಯ ಖಾತೆಗೆ ಹಣ. ಅಲ್ಲಿವರೆಗೆ ಸಿಮೆಂಟು, ರಿಂಗು ಎಲ್ಲ ನನ್ನ ಹೆಸರಿನ ಉದ್ರಿ. ಒಂದು ಊರಿನಲ್ಲಿ ಬಿಲ್ಲು ಎಂಟು ತಿಂಗಳ ಮೇಲೆ ನಿಂತಿತು. ನೂರಕ್ಕೆ ಮೂರರ ಬಡ್ಡಿಗೆ ಸಾಲ ತಂದು ಆಳುಗಳ ಕೂಲಿ ಕೊಟ್ಟೆ. ಕೈ ಹಿಡಿದದ್ದು ಆ ಊರಿನ ಹೆಣ್ಣುಮಕ್ಕಳ ಸಂಘ. ಸಂಘದಿಂದ ಮನೆಯವರಿಗೇ ಸಾಲ ಕೊಡಿಸಿ, ಸಾಮಾನು ಅವರೇ ತರುವಂತೆ ಮಾಡಿದರು. ಬಿಲ್ಲು ಬಂದಾಗ ಸಂಘಕ್ಕೆ ಕಟ್ಟಿದರು. ಅಂದಿನಿಂದ ನಾನು ಕೂಲಿ ಮಾತ್ರ ಮಾತಾಡುತ್ತೇನೆ, ಸಾಮಾನಿನ ಉದ್ರಿ ತಲೆಗೆ ಕಟ್ಟಿಕೊಳ್ಳುವುದಿಲ್ಲ. ನೀವೂ ಹಾಗೇ ಮಾಡಿ.

ಈಗ ಗುಂಡಿ ತೆಗೆದ ವಿಷಯ. ಮುಚ್ಚಿದ ಮೇಲೆ ಒಂದೂವರೆ ವರ್ಷ ಸಾಕು ಅಂತ ಹೇಳುತ್ತಾರೆ. ನಮ್ಮ ಮಣ್ಣು ಹಸಿ ಹಿಡಿದಿಡುವುದರಿಂದ ನಾನು ಎರಡು ವರ್ಷಕ್ಕೆ ಕಡಿಮೆ ಯಾವುದನ್ನೂ ತೆಗೆಯಲು ಬಿಡುವುದಿಲ್ಲ. ಮೊದಲು ತೆಗೆದದ್ದು ಬೇಸಿಗೆಯಲ್ಲಿ, ಮನೆಯವರು ದೂರ ನಿಂತಿದ್ದರು. ಮುಚ್ಚಳ ಸರಿಸಿದಾಗ ವಾಸನೆಯೇ ಇಲ್ಲ. ಒಳಗೆ ಕರಿ, ಹುಡಿ ಹುಡಿ, ಚಹಾಪುಡಿಯಂಥದ್ದು. ನಾನೇ ಇಳಿದು ಸಲಿಕೆಯಲ್ಲಿ ತುಂಬಿ ಮೇಲೆ ಕೊಟ್ಟೆ. ಐದಾರು ಚೀಲ ಆಯಿತು. ಮನೆಯ ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿ, "ಇದು ಅದಽ ಏನೋ?" ಅಂತ ಎರಡು ಸಲ ಕೇಳಿದರು. ಆಮೇಲೆ ಮೊಮ್ಮಗನಿಗೆ ಬುಟ್ಟಿ ತರಲು ಹೇಳಿದರು. ಅರ್ಧ ಹಿತ್ತಲಿನ ನಿಂಬೆ ಗಿಡಕ್ಕೆ, ಅರ್ಧ ಹೊಲದ ಮೆಣಸಿನಕಾಯಿ ಸಾಲಿಗೆ ಬಿತ್ತನೆಗೆ ಮುಂಚೆ ಹೋಯಿತು. ಹಾಕಿದ ಸಾಲು, ಹಾಕದ ಸಾಲು ಗುರುತು ಮಾಡಿ ಇಟ್ಟಿದ್ದೆ. ಹಾಕಿದ ಸಾಲಿನ ಎಲೆ ಬಣ್ಣವೇ ಬೇರೆ ಇತ್ತು. ಇಳುವರಿ ತೂಕ ಮಾಡಲಾಗಲಿಲ್ಲ, ಆ ವರ್ಷ ಮಳೆ ಹೆಚ್ಚಾಗಿ ಕಾಯಿ ಕೊಳೆಯಿತು. ಸೊಪ್ಪು, ಗಜ್ಜರಿ, ಮೂಲಂಗಿಗೆ ಇದನ್ನು ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಅದಾದ ಮೇಲೆ ಆಗುವುದಿಲ್ಲ ಅಂದಿದ್ದ ಓಣಿಯ ಹಿರಿಯರೇ ತಮ್ಮ ಮನೆಯ ಹತ್ತಡಿ ಗುಂಡಿಗೆ ಏನು ಮಾಡಬಹುದು ಅಂತ ಕೇಳಿಕೊಂಡು ಬಂದರು. ನಾನು ಕಟ್ಟಿದವು ಈಗ ಇನ್ನೂರರ ಹತ್ತಿರ ಇರಬೇಕು. ಅವುಗಳಲ್ಲಿ ನೀರು ಇಂಗದೆ ಕಟ್ಟಿಕೊಂಡು ನಿಂತವು ಬೆರಳೆಣಿಕೆಯಷ್ಟೂ ಇಲ್ಲ. ಇಡೀ ತಾಲೂಕಿನಲ್ಲಿ ಎರೆಮಣ್ಣಿನ ಗುಂಡಿಗೆ ಮೊದಲು ನನ್ನ ಹೆಸರನ್ನೇ ಹೇಳುತ್ತಾರೆ, ಅದರಲ್ಲಿ ನನಗೆ ಹೆಮ್ಮೆ ಇದೆ. ಒಂದು ಗುಂಡಿಯನ್ನು ಎರಡಕ್ಕೆ ತಿರುಗಿಸುವ ಕೆಲಸ ಈಗ ಜಾಸ್ತಿ ಬರುತ್ತಿದೆ. ಪಕ್ಕದಲ್ಲಿ ಮೂರಡಿ ಬಿಟ್ಟು ಹೊಸ ಗುಂಡಿ, ನಡುವೆ ವೈ ಚೇಂಬರು. ಎರಡೂ ಬಾಯಿ ತೆರೆದಿಟ್ಟರೆ ಎರಡೂ ಒಟ್ಟಿಗೆ ತುಂಬಿ ಎಲ್ಲ ವ್ಯರ್ಥ. ಆದ್ದರಿಂದ ಒಂದು ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣಿನಿಂದ ಮೆತ್ತಿ, ಮನೆಯ ಹೆಣ್ಣುಮಗಳನ್ನೇ ಕರೆದು ತೋರಿಸಿ ಬರುತ್ತೇನೆ. ಗಂಡಸರಿಗೆ ತೋರಿಸಿದರೆ ಮರೆಯುತ್ತಾರೆ.

ಇನ್ನೂ ಬಗ್ಗದೆ ಉಳಿದದ್ದು ಮಲಪ್ರಭಾ ಕಾಲುವೆ ಪಕ್ಕದ ಮನೆಗಳು. ಕಾಲುವೆಗೆ ನೀರು ಬಿಟ್ಟಾಗ ಅಲ್ಲಿ ಮೂರಡಿಗೇ ನೀರು ಒಸರುತ್ತದೆ. ಅಲ್ಲಿ ಗುಂಡಿ ಇಳಿಸಿದರೆ ಕುಡಿಯುವ ನೀರಿಗೆ ಹೊಲಸು ಸೇರುತ್ತದೆ, ಆದ್ದರಿಂದ ನಾನು ಕೆಲಸ ಒಪ್ಪಿಕೊಂಡಿರಲಿಲ್ಲ. ಈ ವರ್ಷ ಒಂದು ಮನೆಯಲ್ಲಿ ಎರಡೂ ಗುಂಡಿಯನ್ನು ನೆಲದ ಮೇಲೆ ಎತ್ತಿ, ಸುತ್ತ ಗರಸಿನ ದಿಬ್ಬ ಹಾಕಿ, ಸಂಡಾಸಿಗೆ ನಾಲ್ಕು ಮೆಟ್ಟಿಲು ಕೊಟ್ಟಿದ್ದೇನೆ. ಖರ್ಚು 25 ಸಾವಿರ ದಾಟಿತು, ಮೆಟ್ಟಿಲು ಹತ್ತಲು ಮುದುಕರಿಗೆ ಕಷ್ಟ. ಹತ್ತಿರದ ಬಾವಿಯ ನೀರನ್ನು ಮಳೆಗಾಲಕ್ಕೆ ಮುಂಚೆ, ಆಮೇಲೆ ಎರಡು ಸಲ ಪರೀಕ್ಷೆಗೆ ಕಳಿಸುವುದು ಅಂತ ಮನೆಯವರೂ ನಾನೂ ಮಾತಾಡಿಕೊಂಡಿದ್ದೇವೆ. ಅದರ ಫಲಿತಾಂಶ ಕೈಗೆ ಬರುವವರೆಗೆ ಆ ಓಣಿಯಲ್ಲಿ ಇನ್ನೊಂದು ಮನೆ ಹಿಡಿಯುವುದಿಲ್ಲ.